ಐದು ಚಾಂಪಿಯನ್ನರು, ನಾಲ್ಕು ಜಾಗ: ಜರ್ಮನಿಯ ಪ್ರಾದೇಶಿಕ ಲೀಗ್‌ಗಳ ಬಡ್ತಿ ಪ್ರಕರಣ

2024-25ರಲ್ಲಿ ಜರ್ಮನಿಯ ಫುಟ್‌ಬಾಲ್‌ನ ನಾಲ್ಕನೇ ಹಂತದಲ್ಲಿ ಈಶಾನ್ಯ ಪ್ರಾದೇಶಿಕ ಲೀಗ್ ಗೆದ್ದದ್ದು ಲೋಕೊಮೊಟಿವ್ ಲೈಪ್‌ಜಿಗ್. 34 ಪಂದ್ಯಗಳ ಲೀಗ್‌ನಲ್ಲಿ ಹಾಲೆ ನಗರದ ತಂಡವನ್ನು ಹಿಂದಿಕ್ಕಿ ಮೊದಲ ಸ್ಥಾನ ಪಡೆದರೂ ಅದಕ್ಕೆ ಮೂರನೇ ಹಂತಕ್ಕೆ ಬಡ್ತಿ ಸಿಗಲಿಲ್ಲ. ಬಡ್ತಿ ಯಾರಿಗೆಂದು ತೀರ್ಮಾನಿಸುವ ಎರಡು ಪಂದ್ಯಗಳ ಪ್ಲೇಆಫ್‌ನಲ್ಲಿ, ಮೇ 28ರಂದು ಉತ್ತರ ಲೀಗ್‌ನ ಚಾಂಪಿಯನ್ ಟಿಎಸ್‌ವಿ ಹಾವೆಲ್ಸೆ ವಿರುದ್ಧ 1-1 ಡ್ರಾ ಆಯಿತು, ಜೂನ್ 1ರಂದು ಹೆಚ್ಚುವರಿ ಅವಧಿಗೆ ಹೋಗಿ 0-3ರಿಂದ ಸೋತಿತು. ಅದೇ ವರ್ಷ ಬವೇರಿಯಾ ಲೀಗ್ ಗೆದ್ದ ಶ್ವೈನ್‌ಫುರ್ಟ್, ಪಶ್ಚಿಮದ ಲೀಗ್ ಗೆದ್ದ ಡುಯಿಸ್‌ಬುರ್ಗ್ ಮತ್ತು ನೈರುತ್ಯ ಲೀಗ್ ಗೆದ್ದ ಹೊಫೆನ್‌ಹೈಮ್‌ನ ಎರಡನೇ ತಂಡ ಮೂರೂ ಒಂದೇ ಒಂದು ಪ್ಲೇಆಫ್ ಪಂದ್ಯ ಆಡದೆ ಮೇಲಿನ ಹಂತಕ್ಕೆ ಹೋದವು.

ಐದೂ ತಂಡಗಳು ಒಂದೇ ಹಂತದಲ್ಲಿ ಆಡಿದವು, ಐದೂ ತಮ್ಮ ತಮ್ಮ ಲೀಗ್ ಗೆದ್ದವು. ಮೂರಕ್ಕೆ ನೇರ ಬಾಗಿಲು, ಉಳಿದ ಎರಡಕ್ಕೆ ಒಂದೇ ಬಾಗಿಲು. ‘ಚಾಂಪಿಯನ್ ಆದವರು ಮೇಲೇರಲೇಬೇಕು’ ಎಂಬುದು ಜರ್ಮನಿಯ ಕೆಳಹಂತದ ಕ್ರೀಡಾಂಗಣಗಳಲ್ಲಿ ವರ್ಷಗಳಿಂದ ಕೇಳಿಬರುತ್ತಿರುವ ಘೋಷಣೆ. ಅದು ಇಂದಿಗೂ ಈಡೇರಿಲ್ಲ ಏಕೆ, ಈಡೇರಬೇಕಾದರೆ ಏನನ್ನು ಬಿಟ್ಟುಕೊಡಬೇಕು ಎಂಬುದೇ ಈ ಅಧ್ಯಯನದ ವಿಷಯ.

ಏಣಿಯ ರಚನೆ

ಮೇಲಿನ ಮೂರು ಹಂತಗಳಲ್ಲಿ ಇಡೀ ದೇಶಕ್ಕೆ ಒಂದೊಂದೇ ಲೀಗ್. 1963ರಲ್ಲಿ ಆರಂಭವಾದ ಬುಂಡೆಸ್‌ಲಿಗಾದಲ್ಲಿ 18 ತಂಡ, ಎರಡನೇ ಬುಂಡೆಸ್‌ಲಿಗಾದಲ್ಲಿ 18 ತಂಡ. ಇವೆರಡನ್ನೂ ನಡೆಸುವುದು ಕ್ಲಬ್‌ಗಳದೇ ಸಂಸ್ಥೆಯಾದ ಡಿಎಫ್‌ಎಲ್. ಮೂರನೇ ಹಂತದ ‘ಮೂರನೇ ಲೀಗ್’ 2008ರಲ್ಲಿ ಹುಟ್ಟಿತು. ಅದರಲ್ಲಿ 20 ತಂಡಗಳಿವೆ, ನಡೆಸುವುದು ರಾಷ್ಟ್ರೀಯ ಫುಟ್‌ಬಾಲ್ ಒಕ್ಕೂಟ ಡಿಎಫ್‌ಬಿ.

ನಾಲ್ಕನೇ ಹಂತಕ್ಕೆ ಬಂದಾಗ ದೇಶ ಐದು ಹೋಳಾಗುತ್ತದೆ. ಈ ಹಂತದ ಹೆಸರು ರೆಗಿಯೊನಾಲ್‌ಲೀಗಾ, ಅಂದರೆ ಪ್ರಾದೇಶಿಕ ಲೀಗ್. ಉತ್ತರ ಲೀಗ್‌ನಲ್ಲಿ ಲೋವರ್ ಸ್ಯಾಕ್ಸನಿ, ಬ್ರೆಮೆನ್, ಹ್ಯಾಂಬರ್ಗ್ ಮತ್ತು ಶ್ಲೆಸ್‌ವಿಗ್-ಹೋಲ್‌ಸ್ಟೈನ್ ಸೇರಿವೆ. ಈಶಾನ್ಯ ಲೀಗ್‌ನಲ್ಲಿ ಬರ್ಲಿನ್ ಮತ್ತು ಹಿಂದಿನ ಪೂರ್ವ ಜರ್ಮನಿಯ ಐದು ರಾಜ್ಯಗಳಿವೆ. ಪಶ್ಚಿಮದ ಲೀಗ್ ಪೂರ್ತಿಯಾಗಿ ನಾರ್ತ್ ರೈನ್-ವೆಸ್ಟ್‌ಫಾಲಿಯಾ ಒಂದೇ ರಾಜ್ಯದ್ದು. ನೈರುತ್ಯಕ್ಕೆ ಬಾಡನ್-ವ್ಯುರ್ಟೆಂಬರ್ಗ್, ಹೆಸ್ಸೆ, ರೈನ್‌ಲ್ಯಾಂಡ್-ಪ್ಯಾಲಟಿನೇಟ್ ಮತ್ತು ಜಾರ್‌ಲ್ಯಾಂಡ್. ಐದನೆಯದು ಬವೇರಿಯಾ, ಅದಕ್ಕೆ ಅದರದೇ ಲೀಗ್. ಪ್ರತಿ ಲೀಗ್‌ನಲ್ಲೂ ಸಾಮಾನ್ಯವಾಗಿ 18 ತಂಡ. ಎಲ್ಲ ಸೇರಿ ಸುಮಾರು 90.

ಈ ಗಡಿಗಳನ್ನು ಭೂಪಟದ ಅನುಕೂಲ ನೋಡಿ ಎಳೆದದ್ದಲ್ಲ. ಡಿಎಫ್‌ಬಿಯ ಕೆಳಗೆ 21 ರಾಜ್ಯ ಸಂಘಗಳಿದ್ದು, ಅವನ್ನು ಐದು ಪ್ರಾದೇಶಿಕ ಒಕ್ಕೂಟಗಳಾಗಿ ಗುಂಪು ಮಾಡಲಾಗಿದೆ. ನಾಲ್ಕನೇ ಹಂತದ ಲೀಗ್‌ಗಳ ಒಡೆತನ ಇರುವುದು ಈ ಸಂಘಗಳ ಬಳಿ. ಬವೇರಿಯಾದ ಲೀಗನ್ನು ನಡೆಸುವುದು ಬವೇರಿಯಾ ಸಂಘ, ಈಶಾನ್ಯದ್ದನ್ನು ಈಶಾನ್ಯ ಒಕ್ಕೂಟ. ವೇಳಾಪಟ್ಟಿ, ರೆಫರಿಗಳು, ದಂಡ, ಹಿಂಬಡ್ತಿಯ ನಿಯಮ ಎಲ್ಲವೂ ಅವರವರ ಕೈಯಲ್ಲಿವೆ. ಆದ್ದರಿಂದ ‘ಐದು ಲೀಗ್‌ಗಳನ್ನು ನಾಲ್ಕು ಮಾಡಿ’ ಎಂದು ಹೊರಗಿನವರು ಹೇಳಿದಷ್ಟು ಸುಲಭಕ್ಕೆ ಆಗುವುದಿಲ್ಲ. ಒಂದು ಲೀಗ್ ಹೋದರೆ ಒಂದು ಸಂಘದ ಅಧಿಕಾರವೂ ಅದರೊಂದಿಗೆ ಹೋಗುತ್ತದೆ.

ಐದನೇ ಹಂತದಲ್ಲಿ 14 ಲೀಗ್‌ಗಳಿವೆ: ಬವೇರಿಯಾದಲ್ಲಿ ಎರಡು, ನೈರುತ್ಯದಲ್ಲಿ ಮೂರು, ಪಶ್ಚಿಮದಲ್ಲಿ ಮೂರು, ಈಶಾನ್ಯದಲ್ಲಿ ಎರಡು, ಉತ್ತರದಲ್ಲಿ ನಾಲ್ಕು. ಅದರ ಕೆಳಗಿನದು ಈ ಪ್ರಕರಣಕ್ಕೆ ಬೇಡ.

ಲೆಕ್ಕ ತಪ್ಪಿದ್ದು ಯಾವಾಗ

2008ರಿಂದ 2012ರವರೆಗೆ ನಾಲ್ಕನೇ ಹಂತದಲ್ಲಿ ಇದ್ದದ್ದು ಉತ್ತರ, ಪಶ್ಚಿಮ, ದಕ್ಷಿಣ ಎಂಬ ಮೂರೇ ಲೀಗ್. ಮೂರನೇ ಲೀಗ್‌ನಿಂದ ಕೆಳಗಿಳಿಯುತ್ತಿದ್ದ ತಂಡಗಳೂ ಮೂರು. ಮೂರು ಚಾಂಪಿಯನ್ನರಿಗೆ ಮೂರು ಜಾಗ. ಪ್ಲೇಆಫ್ ಬೇಕಿರಲಿಲ್ಲ, ಲೆಕ್ಕ ತಾಳೆಯಾಗುತ್ತಿತ್ತು.

ತಾಳೆಯಾಗದೆ ಹೋದದ್ದು ಖರ್ಚು. ದೇಶದ ಮೂರನೇ ಒಂದು ಭಾಗದಲ್ಲಿ ಸುತ್ತಾಡಿ ಆಡಬೇಕು. ಹೇಳಿಕೊಳ್ಳುವಂಥ ಟಿವಿ ಹಣವಿಲ್ಲ. ಎದುರಾಳಿಗಳಲ್ಲಿ ಹಲವು ದೊಡ್ಡ ಕ್ಲಬ್‌ಗಳ ಎರಡನೇ ತಂಡಗಳಾದ್ದರಿಂದ ಅವುಗಳ ಜತೆ ಬರುವ ಅಭಿಮಾನಿಗಳೂ ಇಲ್ಲ. ಸಣ್ಣ ಕ್ಲಬ್‌ಗಳು ಸಾಲದಲ್ಲಿ ಮುಳುಗಿದವು, ಕೆಲವು ದಿವಾಳಿಯಾದವು, ಕೆಲವು ತಾವಾಗಿಯೇ ಕೆಳಗಿಳಿದವು. 2010ರಲ್ಲಿ ಡಿಎಫ್‌ಬಿಯ ಮಹಾಸಭೆ ನಾಲ್ಕನೇ ಹಂತವನ್ನು ಐದು ಲೀಗ್ ಮಾಡಲು ತೀರ್ಮಾನಿಸಿತು, 2012-13ರಿಂದ ಅದು ಜಾರಿಯಾಯಿತು. ಪ್ರಯಾಣ ಕಡಿಮೆಯಾಯಿತು, ನೆರೆಯೂರುಗಳ ನಡುವಿನ ಪಂದ್ಯಗಳು ಮರಳಿ ಬಂದವು. ಆ ಮಟ್ಟಿಗೆ ನಿರ್ಧಾರ ಸರಿಯಾಗಿಯೇ ಇತ್ತು.

ಆದರೆ ಮೇಲಿನ ಜಾಗಗಳು ಮೂರೇ ಉಳಿದವು. ಕೆಳಗೆ ಎರಡು ಬಾಗಿಲು ಹೆಚ್ಚಿಸಿ ಮೇಲೆ ಒಂದನ್ನೂ ತೆರೆಯಲಿಲ್ಲ. ಇಂದಿನ ಗಂಟು ಬಿದ್ದದ್ದು ಅಲ್ಲೇ. ಮುಂದೆ ಬಂದ ಪ್ರತಿಯೊಂದು ಸೂತ್ರವೂ ಇದೇ ಕೊರತೆಯನ್ನು ಬೇರೆ ಬೇರೆಯವರ ಮೇಲೆ ಹಂಚುವ ಪ್ರಯತ್ನ.

ಮೊದಲ ಸೂತ್ರ: 2013ರಿಂದ 2018

ಐವರು ಚಾಂಪಿಯನ್ನರನ್ನು ಜೋಡಿ ಮಾಡಲಾಗದು. ಹಾಗಾಗಿ ನೈರುತ್ಯದ ರನ್ನರ್ ಅಪ್ ತಂಡವನ್ನೂ ಸೇರಿಸಿ ಆರು ಮಾಡಿದರು. ಮೂರು ಜೋಡಿ, ತವರಿನಲ್ಲೊಂದು ಎದುರಾಳಿಯ ಅಂಗಳದಲ್ಲೊಂದು ಪಂದ್ಯ, ಗೆದ್ದ ಮೂವರಿಗೆ ಬಡ್ತಿ. ಯಾವ ಚಾಂಪಿಯನ್ನನಿಗೂ ನೇರ ಪ್ರವೇಶವಿಲ್ಲ. ಪ್ರತಿ ವರ್ಷ ಕನಿಷ್ಠ ಇಬ್ಬರು ಚಾಂಪಿಯನ್ನರು ಬರಿಗೈಲಿ ಮನೆಗೆ ಹೋಗಬೇಕು. ನೈರುತ್ಯದ ರನ್ನರ್ ಅಪ್ ಗೆದ್ದರೆ ಮೂವರು.

ಈ ಸೂತ್ರ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ವಾಲ್ಡ್‌ಹೋಫ್ ಮನ್‌ಹೈಮ್ ಕ್ಲಬ್‌ನ ಮೂರು ವರ್ಷ ನೋಡಿದರೆ ಸಾಕು. 2016ರಲ್ಲಿ ನೈರುತ್ಯದ ಚಾಂಪಿಯನ್ ಆಗಿ ಹೋಗಿ ಸ್ಪೋರ್ಟ್‌ಫ್ರಾಯ್ಂಡೆ ಲೋಟೆಗೆ ಸೋತಿತು. 2017ರಲ್ಲಿ ರನ್ನರ್ ಅಪ್ ಆಗಿ ಮೆಪ್ಪನ್ ಎದುರು ಆಡಿತು; ಎರಡೂ ಪಂದ್ಯ 0-0, ಪೆನಾಲ್ಟಿ ಶೂಟೌಟ್‌ನಲ್ಲಿ ಸೋಲು. 2018ರ ಎದುರಾಳಿ ಊರ್ಡಿಂಗನ್. ಮೊದಲ ಪಂದ್ಯ 0-1. ಎರಡನೆಯದರಲ್ಲಿ ತವರಿನಲ್ಲೇ 1-2ರಿಂದ ಹಿಂದೆ ಬಿದ್ದಾಗ ಪ್ರೇಕ್ಷಕರ ಸಾಲಿನಿಂದ ಉರಿಯುವ ಪಟಾಕಿಗಳು ಮೈದಾನಕ್ಕೆ ಬಂದು ಬಿದ್ದವು. ಪಂದ್ಯದ ಕೊನೆಯ ಹತ್ತು ನಿಮಿಷಗಳಲ್ಲಿ ರೆಫರಿ ಆಟ ನಿಲ್ಲಿಸಿದರು, ಫಲಿತಾಂಶವನ್ನು ಊರ್ಡಿಂಗನ್ ಪರ 2-0 ಎಂದು ಘೋಷಿಸಲಾಯಿತು. ಮುಂದಿನ ಋತುವಿಗೆ ಮನ್‌ಹೈಮ್‌ಗೆ ಮೂರು ಅಂಕಗಳ ಕಡಿತವೂ ಬಿತ್ತು. ಪಟಾಕಿ ಎಸೆದದ್ದಕ್ಕೆ ಯಾವ ಸಮರ್ಥನೆಯೂ ಇಲ್ಲ. ಆದರೆ ಇಡೀ ವರ್ಷದ ದುಡಿಮೆಯನ್ನು 180 ನಿಮಿಷಕ್ಕೆ ಕಟ್ಟಿಹಾಕುವ ವ್ಯವಸ್ಥೆಯಲ್ಲಿ ಆ ನಿಮಿಷಗಳ ಮೇಲೆ ಬೀಳುವ ಒತ್ತಡ ಎಂಥದ್ದೆಂದು ಆ ದಿನ ಎಲ್ಲರಿಗೂ ಕಂಡಿತು. 2018-19ರಲ್ಲಿ ಅಂಕ ಕಡಿತವಾದರೂ ಮನ್‌ಹೈಮ್ ಚಾಂಪಿಯನ್ ಆಯಿತು. ಅಷ್ಟರಲ್ಲಿ ನಿಯಮ ಬದಲಾಗಿತ್ತು, ಪ್ಲೇಆಫ್ ಇಲ್ಲದೆ ಮೇಲೇರಿತು.

ಎರಡನೇ ಸೂತ್ರ: ನಾಲ್ಕು ಜಾಗ, ಸರದಿ

2017ರ ಡಿಸೆಂಬರ್‌ನಲ್ಲಿ ಸೇರಿದ ಡಿಎಫ್‌ಬಿ ಮಹಾಸಭೆ ಬಡ್ತಿಯ ಜಾಗಗಳನ್ನು ಮೂರರಿಂದ ನಾಲ್ಕಕ್ಕೆ ಏರಿಸಿತು, ಅಂದರೆ ಮೂರನೇ ಲೀಗ್‌ನಿಂದ ಇನ್ನು ನಾಲ್ಕು ತಂಡ ಇಳಿಯುತ್ತವೆ. ಎರಡು ವರ್ಷ ತಾತ್ಕಾಲಿಕ ಏರ್ಪಾಟಿನಲ್ಲಿ ನಡೆಯಿತು. 2018-19ರಲ್ಲಿ ನೈರುತ್ಯ ಮತ್ತು ಈಶಾನ್ಯಕ್ಕೆ ನೇರ ಸ್ಥಾನ ಸಿಕ್ಕಿತು, ಮೂರನೇ ನೇರ ಸ್ಥಾನ ಚೀಟಿ ಎತ್ತಿದಾಗ ಪಶ್ಚಿಮಕ್ಕೆ ಬಂತು. ಉತ್ತರ ಮತ್ತು ಬವೇರಿಯಾ ಪ್ಲೇಆಫ್ ಆಡಿದವು. ಮರುವರ್ಷ ಆ ಎರಡಕ್ಕೂ ನೇರ ಸ್ಥಾನ ಕೊಟ್ಟು ಪಶ್ಚಿಮ ಮತ್ತು ಈಶಾನ್ಯವನ್ನು ಪ್ಲೇಆಫ್‌ಗೆ ಇಳಿಸಿದರು.

2019ರಲ್ಲಿ ಶಾಶ್ವತ ನಿಯಮ ಬಂತು, 2020-21ರಿಂದ ಜಾರಿಯಲ್ಲಿದೆ. ಪಶ್ಚಿಮ ಮತ್ತು ನೈರುತ್ಯ ಚಾಂಪಿಯನ್ನರಿಗೆ ಪ್ರತಿ ವರ್ಷ ನೇರ ಬಡ್ತಿ. ಆ ಪ್ರದೇಶಗಳಲ್ಲಿ ನೋಂದಾಯಿತ ತಂಡಗಳ ಸಂಖ್ಯೆ ಹೆಚ್ಚು ಎಂಬುದು ಇದಕ್ಕೆ ಕೊಟ್ಟ ಕಾರಣ. ಮೂರನೇ ನೇರ ಸ್ಥಾನ ಉತ್ತರ, ಈಶಾನ್ಯ, ಬವೇರಿಯಾ ನಡುವೆ ವರ್ಷಕ್ಕೊಮ್ಮೆ ಸರದಿಯಂತೆ ಸುತ್ತುತ್ತದೆ. ಆ ವರ್ಷ ಸರದಿ ಬಾರದ ಇಬ್ಬರು ನಾಲ್ಕನೇ ಜಾಗಕ್ಕೆ ಹೊಡೆದಾಡಬೇಕು.

ಮೂರು ವರ್ಷದ ಸುತ್ತನ್ನು ತೆಗೆದುಕೊಂಡು ಲೆಕ್ಕ ಹಾಕೋಣ. ಪಶ್ಚಿಮದಿಂದ ಮೂವರು ಚಾಂಪಿಯನ್ನರು ಬಂದರೆ ಮೂವರಿಗೂ ಬಡ್ತಿ, ನೈರುತ್ಯದ್ದೂ ಹಾಗೆಯೇ. ಉಳಿದ ಮೂರು ಲೀಗ್‌ಗಳಿಂದ ಒಟ್ಟು ಒಂಬತ್ತು ಚಾಂಪಿಯನ್ನರು. ಅವರಲ್ಲಿ ಮೂವರಿಗೆ ಸರದಿಯ ನೇರ ಸ್ಥಾನ, ಆರು ಮಂದಿ ಮೂರು ಪ್ಲೇಆಫ್‌ಗಳಲ್ಲಿ, ಗೆಲ್ಲುವವರು ಮೂವರು. ಅಂದರೆ ಒಂಬತ್ತರಲ್ಲಿ ಆರು. ನೋಡಲು ಪರವಾಗಿಲ್ಲ ಅನ್ನಿಸುವ ಪ್ರಮಾಣ. ಆದರೆ ಒಂದು ಕ್ಲಬ್‌ನ ಪಾಲಿಗೆ ಅದು ಮೂರರಲ್ಲಿ ಎರಡಾಗಿ ಕಾಣುವುದಿಲ್ಲ. ಲೀಗ್ ಗೆಲ್ಲುವಷ್ಟು ಒಳ್ಳೆಯ ತಂಡ ಯಾವ ವರ್ಷ ಕೂಡಿಬರುತ್ತದೆ ಎಂಬುದು ಯಾರ ಕೈಯಲ್ಲೂ ಇಲ್ಲ. ಸರದಿಯ ವರ್ಷ ಕೂಡಿಬಂದರೆ ಪುಣ್ಯ, ಒಂದು ವರ್ಷ ಆಚೀಚೆಯಾದರೆ ಪ್ಲೇಆಫ್. ತನ್ನ ಆಟಕ್ಕೆ ಸಂಬಂಧವೇ ಇಲ್ಲದ ಕ್ಯಾಲೆಂಡರ್ ಅದೃಷ್ಟವನ್ನು ನಿರ್ಧರಿಸುತ್ತದೆ. ಈ ಸೂತ್ರದ ದೊಡ್ಡ ದೋಷ ಇದೇ ಎಂದು ನಮ್ಮ ಅಭಿಪ್ರಾಯ.

2020-21ರಿಂದ 2024-25ರವರೆಗಿನ ಐದು ಋತುಗಳಲ್ಲಿ ಬಡ್ತಿ ಪಡೆದ 20 ತಂಡಗಳನ್ನು ಎಣಿಸಿದರೆ ಹಂಚಿಕೆ ಹೀಗಿದೆ: ಪಶ್ಚಿಮ 5, ನೈರುತ್ಯ 5, ಉತ್ತರ 5, ಬವೇರಿಯಾ 3, ಈಶಾನ್ಯ 2. ನೇರ ಸ್ಥಾನದ ಖಾತ್ರಿ ಇಲ್ಲದ ಉತ್ತರಕ್ಕೆ ಐದಕ್ಕೆ ಐದೂ ಸಿಕ್ಕಿವೆ. ಹಾವೆಲ್ಸೆ 2021ರಲ್ಲಿ ಶ್ವೈನ್‌ಫುರ್ಟನ್ನು, ಓಲ್ಡನ್‌ಬುರ್ಗ್ 2022ರಲ್ಲಿ ಬರ್ಲಿನ್‌ನ ಬಿಎಫ್‌ಸಿ ಡೈನಮೊವನ್ನು, ಹ್ಯಾನೋವರ್ 96ರ ಎರಡನೇ ತಂಡ 2024ರಲ್ಲಿ ಪೆನಾಲ್ಟಿಗಳಲ್ಲಿ ವುರ್ಟ್ಸ್‌ಬುರ್ಗ್ ಕಿಕರ್ಸ್ ತಂಡವನ್ನು, ಹಾವೆಲ್ಸೆ ಮತ್ತೆ 2025ರಲ್ಲಿ ಲೋಕೊಮೊಟಿವ್ ಲೈಪ್‌ಜಿಗನ್ನು ಸೋಲಿಸಿದವು. 2023ರಲ್ಲಿ ಸರದಿಯ ನೇರ ಸ್ಥಾನದಿಂದ ಲ್ಯೂಬೆಕ್ ಹೋಯಿತು.

ಮೇಲೆ ಹೋದ ನಂತರದ ಕಥೆ ಬೇರೆ. 2020ರಲ್ಲಿ ಏರಿದ ಲ್ಯೂಬೆಕ್, 2021ರ ಹಾವೆಲ್ಸೆ, 2022ರ ಓಲ್ಡನ್‌ಬುರ್ಗ್, 2023ರ ಲ್ಯೂಬೆಕ್, 2024ರ ಹ್ಯಾನೋವರ್ II – ಐದೂ ಸಲ ಉತ್ತರದ ತಂಡ ಒಂದೇ ವರ್ಷಕ್ಕೆ ಕೆಳಗಿಳಿದಿದೆ. ಇನ್ನೊಂದು ಕಡೆ, 2023ರ ಪ್ಲೇಆಫ್‌ನಲ್ಲಿ ಬವೇರಿಯಾದ ಉಂಟರ್‌ಹಾಖಿಂಗ್‌ಗೆ ಎರಡೂ ಪಂದ್ಯ ಸೋತ ಈಶಾನ್ಯದ ಎನರ್ಗೀ ಕೊಟ್‌ಬುಸ್, ಮರುವರ್ಷ ಸರದಿಯ ನೇರ ಸ್ಥಾನದಿಂದ ಏರಿ 2024-25ರ ಮೂರನೇ ಲೀಗ್‌ನಲ್ಲಿ ನಾಲ್ಕನೆಯದಾಯಿತು. ಎರಡು ಪಂದ್ಯಗಳ ಫಲಿತಾಂಶಕ್ಕೂ ಮೇಲಿನ ಹಂತಕ್ಕೆ ಬೇಕಾದ ಶಕ್ತಿಗೂ ನಂಟು ಎಷ್ಟು ತೆಳು ಎಂಬುದು ಇಲ್ಲಿ ಕಾಣುತ್ತದೆ. ಹಾಗೆಂದು ನೇರ ಸ್ಥಾನದವರೆಲ್ಲ ಗಟ್ಟಿ ಎಂದಲ್ಲ: ವಿಕ್ಟೋರಿಯಾ ಬರ್ಲಿನ್ ಮತ್ತು ಬಾಯ್‌ರಾಯ್ಟ್ ಕೂಡ ನೇರವಾಗಿ ಹೋಗಿ ಒಂದೇ ವರ್ಷದಲ್ಲಿ ಮರಳಿದವು.

ಈಶಾನ್ಯದವರ ಸಿಟ್ಟಿಗೆ ಕಾರಣ ಅಂಕಿಗಳಲ್ಲೇ ಇದೆ. 2020, 2022, 2023, 2025 – ಆಡಿದ ನಾಲ್ಕೂ ಪ್ಲೇಆಫ್ ಸೋತಿದ್ದಾರೆ. 2020ರದು ಎಲ್ಲಕ್ಕಿಂತ ಕಹಿ. ಕೊರೊನಾದಿಂದ ಖಾಲಿ ಮೈದಾನಗಳಲ್ಲಿ ನಡೆದ ಆಟದಲ್ಲಿ ಲೋಕೊಮೊಟಿವ್ ಲೈಪ್‌ಜಿಗ್ ತವರಿನಲ್ಲಿ ಫೆರ್ಲ್ ಜತೆ 2-2, ಬಿಲೆಫೆಲ್ಡ್‌ನಲ್ಲಿ ನಡೆದ ಎರಡನೇ ಪಂದ್ಯದಲ್ಲಿ 1-1 ಡ್ರಾ ಮಾಡಿಕೊಂಡಿತು. ಎರಡರಲ್ಲಿ ಒಂದನ್ನೂ ಸೋಲಲಿಲ್ಲ, ಆದರೂ ಒಟ್ಟು ಗೋಲು ಸಮವಾದರೆ ಎದುರಾಳಿಯ ಅಂಗಳದಲ್ಲಿ ಹೆಚ್ಚು ಗೋಲು ಹೊಡೆದವರೇ ಗೆದ್ದಂತೆ ಎಂಬ ನಿಯಮದಿಂದ ಫೆರ್ಲ್ ಮೇಲೇರಿತು. ಮೇಲಾಗಿ ಫೆರ್ಲ್ ಪಶ್ಚಿಮದ ಚಾಂಪಿಯನ್ ಕೂಡ ಆಗಿರಲಿಲ್ಲ. ಮೊದಲ ಸ್ಥಾನದ ರೋಡಿಂಗ್‌ಹೌಸನ್ ಮೂರನೇ ಲೀಗ್‌ನ ಪರವಾನಗಿಗೆ ಅರ್ಜಿಯನ್ನೇ ಹಾಕದ್ದರಿಂದ ಆ ಜಾಗ ಎರಡನೆಯವರಿಗೆ ಬಂದಿತ್ತು.

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕು. ಹಳೆಯ ಸೂತ್ರದ ಆರು ವರ್ಷಗಳಲ್ಲಿ ಈಶಾನ್ಯದ ಚಾಂಪಿಯನ್ನರು ಐದು ಸಲ ಗೆದ್ದಿದ್ದರು: ಆರ್‌ಬಿ ಲೈಪ್‌ಜಿಗ್, ಮಾಗ್ಡೆಬುರ್ಗ್, ತ್ಸ್ವಿಕೌ, ಯೇನಾ, ಕೊಟ್‌ಬುಸ್. ಸೋತದ್ದು 2014ರಲ್ಲಿ ನಾಯ್‌ಸ್ಟ್ರೆಲಿಟ್ಸ್ ಮಾತ್ರ. ಆಗಿನ ಐದು ಗೆಲುವು ವ್ಯವಸ್ಥೆ ಸರಿಯಿದೆ ಎಂಬುದಕ್ಕೆ ಸಾಕ್ಷಿಯಾಗಿರಲಿಲ್ಲ. ಈಗಿನ ನಾಲ್ಕು ಸೋಲುಗಳನ್ನಷ್ಟೇ ಮುಂದಿಟ್ಟು ವಾದಿಸಿದರೂ ವಾದ ಗಟ್ಟಿಯಾಗುವುದಿಲ್ಲ. ಗೆದ್ದರೂ ಸೋತರೂ ಚಾಂಪಿಯನ್ ಇನ್ನೊಬ್ಬ ಚಾಂಪಿಯನ್ನನೊಂದಿಗೆ ಮತ್ತೆ ಆಡಬೇಕಾಗಿರುವುದೇ ದೂರು. ಉತ್ತರ–ಈಶಾನ್ಯ ಗಡಿಯಲ್ಲಿ ಇದು ಹೊಸದೂ ಅಲ್ಲ. ಪ್ರಾದೇಶಿಕ ಲೀಗ್ ಇನ್ನೂ ಮೂರನೇ ಹಂತವಾಗಿದ್ದ 1997ರಲ್ಲಿ ಇದೇ ರೀತಿ ಉತ್ತರದ ಹ್ಯಾನೋವರ್ 96 ಮತ್ತು ಈಶಾನ್ಯದ ಕೊಟ್‌ಬುಸ್ ಮುಖಾಮುಖಿಯಾಗಿದ್ದವು. ಹ್ಯಾನೋವರ್‌ನಲ್ಲಿ 0-0, ಕೊಟ್‌ಬುಸ್‌ನಲ್ಲಿ ತವರಿನ ತಂಡಕ್ಕೆ 3-1 ಗೆಲುವು.

ಒಂದು ಸೋಲು ಕೆಳಗಿನವರೆಗೂ ಇಳಿಯುವ ಬಗೆ

ಪ್ಲೇಆಫ್ ಸೋಲಿನ ಪೆಟ್ಟು ಸೋತ ತಂಡಕ್ಕಷ್ಟೇ ಬೀಳುತ್ತದೆ ಎಂದುಕೊಂಡರೆ ತಪ್ಪು. ಈಶಾನ್ಯದ 18 ತಂಡಗಳ ಲೀಗನ್ನೇ ನೋಡಿ. ಕೆಳಗಿನ ಹಂತದಲ್ಲಿ ಎರಡು ಗುಂಪುಗಳಿರುವುದರಿಂದ ಪ್ರತಿ ವರ್ಷ ಇಬ್ಬರು ಚಾಂಪಿಯನ್ನರು ಮೇಲೆ ಬರಬೇಕು. ಮೇಲಿನ ಮೂರನೇ ಲೀಗ್‌ನಿಂದ ಇಳಿಯುವ ನಾಲ್ಕು ತಂಡಗಳಲ್ಲಿ ಈಶಾನ್ಯದವು ಎಷ್ಟು ಎಂಬುದು ಮೊದಲೇ ಗೊತ್ತಾಗುವುದಿಲ್ಲ. ಸೊನ್ನೆಯೂ ಇರಬಹುದು, ಮೂರೂ ಇರಬಹುದು. ಲೀಗ್‌ನ ಗಾತ್ರ 18ಕ್ಕೇ ನಿಲ್ಲಬೇಕಾದರೆ ಹಿಂಬಡ್ತಿ ಪಡೆಯುವವರ ಸಂಖ್ಯೆ ಹೀಗೆ ಬರುತ್ತದೆ: ಮೇಲಿನಿಂದ ಇಳಿದವರು, ಕೂಡಿಸು ಕೆಳಗಿನಿಂದ ಬಂದ ಇಬ್ಬರು, ಕಳೆ ಮೇಲೆ ಹೋದವರು.

ಮೇಲಿನಿಂದ ಒಂದು ತಂಡ ಇಳಿದು, ತನ್ನ ಚಾಂಪಿಯನ್ ಮೇಲೆ ಹೋದರೆ: 1 + 2 − 1 = 2. ಕೊನೆಯ ಎರಡು ತಂಡಗಳು ಇಳಿಯುತ್ತವೆ. ಅದೇ ವರ್ಷ ಚಾಂಪಿಯನ್ ಪ್ಲೇಆಫ್ ಸೋತರೆ: 1 + 2 − 0 = 3. ಮೇಲಿನಿಂದ ಇಬ್ಬರು ಬಂದು ಚಾಂಪಿಯನ್ನೂ ಸೋತರೆ ನಾಲ್ಕು. ಹದಿನಾರನೇ ಸ್ಥಾನದಲ್ಲಿ ಋತು ಮುಗಿಸಿದ ಕ್ಲಬ್ ಉಳಿಯುತ್ತದೋ ಇಳಿಯುತ್ತದೋ ಎಂಬುದು ಅದು ಆಡಿಯೇ ಇರದ ಪಂದ್ಯದಲ್ಲಿ ತೀರ್ಮಾನವಾಗಬಹುದು, ಅದೂ ತನ್ನ ಲೀಗ್ ಮುಗಿದ ಮೇಲೆ. ಇದನ್ನು ಜರ್ಮನಿಯಲ್ಲಿ ‘ಜಾರುವ ಹಿಂಬಡ್ತಿ’ ಎನ್ನುತ್ತಾರೆ. ಕೆಲವು ಸಂಘಗಳು ಒಂದು ವರ್ಷದ ಮಟ್ಟಿಗೆ ಲೀಗನ್ನು 19 ಅಥವಾ 20ಕ್ಕೆ ಹಿಗ್ಗಿಸಿ ಮುಂದಿನ ವರ್ಷ ಹೆಚ್ಚು ತಂಡಗಳನ್ನು ಇಳಿಸುವುದೂ ಉಂಟು. ಪೆಟ್ಟು ತಪ್ಪುವುದಿಲ್ಲ, ಒಂದು ವರ್ಷ ಮುಂದಕ್ಕೆ ಹೋಗುತ್ತದೆ ಅಷ್ಟೇ.

ಕ್ಲಬ್‌ನ ಕಚೇರಿಯಲ್ಲಿ ಈ ಅನಿಶ್ಚಯದ ಬೆಲೆ ಇನ್ನೂ ಸ್ಪಷ್ಟ. ಮೂರನೇ ಲೀಗ್‌ನ ಪರವಾನಗಿಗೆ ಅರ್ಜಿ ಹಾಕಬೇಕಾದದ್ದು ಋತು ಮುಗಿಯುವ ಎಷ್ಟೋ ಮೊದಲೇ. ಹಣಕಾಸಿನ ದಾಖಲೆ, ಬ್ಯಾಂಕ್ ಖಾತರಿ, ಕ್ರೀಡಾಂಗಣದ ಒಪ್ಪಂದ ಎಲ್ಲ ಅಷ್ಟರಲ್ಲಿ ಕೂಡಿಸಿರಬೇಕು. ತನ್ನ ಅಂಗಳ ಮೂರನೇ ಲೀಗ್‌ನ ಷರತ್ತಿಗೆ ಸಾಲದಿದ್ದರೆ ಬೇರೆ ಊರಿನ ಕ್ರೀಡಾಂಗಣವನ್ನು ಬಾಡಿಗೆಗೆ ಗೊತ್ತುಮಾಡಿಕೊಳ್ಳಬೇಕು. 2021-22ರಲ್ಲಿ ಹಾವೆಲ್ಸೆ ತವರಿನ ಪಂದ್ಯಗಳನ್ನು ಹ್ಯಾನೋವರ್‌ನಲ್ಲಿ, 2020-21ರಲ್ಲಿ ಫೆರ್ಲ್ ಪಾಡರ್‌ಬೋರ್ನ್‌ನಲ್ಲಿ ಆಡಿದವು. ಆಟಗಾರರ ಒಪ್ಪಂದ ಸಾಮಾನ್ಯವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಪಶ್ಚಿಮದ ಚಾಂಪಿಯನ್ ಏಪ್ರಿಲ್‌ನಲ್ಲೇ ಪ್ರಶಸ್ತಿ ಖಚಿತಪಡಿಸಿಕೊಂಡರೆ ಅಂದಿನಿಂದಲೇ ಮೂರನೇ ಲೀಗ್‌ನ ಸಂಬಳ ಹೇಳಿ ಆಟಗಾರರನ್ನು ಕರೆಯಬಹುದು. ಪ್ಲೇಆಫ್ ಆಡುವ ಚಾಂಪಿಯನ್ ಜೂನ್ ಮೊದಲ ವಾರದವರೆಗೆ ಎರಡು ಬಜೆಟ್, ಎರಡು ತಂಡಗಳ ಪಟ್ಟಿ ಇಟ್ಟುಕೊಂಡು ಕೂರಬೇಕು. ಗೆದ್ದರೂ ಉಳಿದವರಿಗಿಂತ ವಾರಗಟ್ಟಲೆ ಹಿಂದೆ. ಸೋತರೆ ಒಳ್ಳೆಯ ಆಟಗಾರರು ಅಷ್ಟರಲ್ಲಿ ಬೇರೆ ಕಡೆ ಸಹಿ ಹಾಕಿರುತ್ತಾರೆ.

ಎರಡನೇ ತಂಡಗಳ ವಿಷಯವೂ ಇದಕ್ಕೆ ಹೆಣೆದುಕೊಂಡಿದೆ. ದೊಡ್ಡ ಕ್ಲಬ್‌ಗಳ ಎರಡನೇ ತಂಡ ಮೂರನೇ ಲೀಗ್‌ವರೆಗೆ ಬರಬಹುದು, ಅದರಾಚೆಗೆ ಇಲ್ಲ. 2022-23ರಲ್ಲಿ ಫ್ರೈಬುರ್ಗ್ II ಮೂರನೇ ಲೀಗ್‌ನಲ್ಲಿ ಎರಡನೆಯದಾಗಿ ಮುಗಿಸಿತು. ನಿಯಮದ ಪ್ರಕಾರ ಆ ಬಡ್ತಿ ಮೂರನೆಯ ಸ್ಥಾನದ ಓಸ್ನಾಬ್ರೂಕ್‌ಗೆ ಹೋಯಿತು. ಮರುವರ್ಷ ಫ್ರೈಬುರ್ಗ್ II ಕೊನೆಯ ಸ್ಥಾನಕ್ಕೆ ಕುಸಿದು ಇಳಿಯಿತು. ನಾಲ್ಕೇ ಜಾಗಗಳಿರುವ ಕಡೆ ಹೀಗೆ ಮುಂದೆ ದಾರಿಯೇ ಇಲ್ಲದ ತಂಡಗಳೂ ಪಾಲು ಪಡೆಯುತ್ತವೆ ಎಂಬುದು ಊರಿನ ಹಳೆಯ ಕ್ಲಬ್‌ಗಳ ಅಸಮಾಧಾನ. ಅದರಲ್ಲಿ ನ್ಯಾಯವಿದೆ. ಆದರೆ ಅವನ್ನು ತೆಗೆದುಹಾಕಿದರೂ ಐದಕ್ಕೆ ನಾಲ್ಕು ಎಂಬ ಕೊರತೆ ಹಾಗೆಯೇ ಉಳಿಯುತ್ತದೆ.

ಪರಿಹಾರಗಳು, ಮತ್ತು ಯಾರು ಬೇಡ ಅನ್ನುತ್ತಾರೆ

ಇಟಲಿಯಲ್ಲಿ ನಾಲ್ಕನೇ ಹಂತದ ಸೀರಿ ಡಿಯಲ್ಲಿ ಒಂಬತ್ತು ಗುಂಪುಗಳು, ಒಂಬತ್ತೂ ಚಾಂಪಿಯನ್ನರಿಗೆ ಬಡ್ತಿ. ಸ್ಪೇನ್‌ನ ನಾಲ್ಕನೇ ಹಂತದಲ್ಲಿ ಜರ್ಮನಿಯಂತೆಯೇ ಐದು ಗುಂಪು, ಐವರು ಚಾಂಪಿಯನ್ನರಿಗೂ ನೇರ ಬಡ್ತಿ, ಅದರ ಮೇಲೆ ಪ್ಲೇಆಫ್‌ನಿಂದ ಇನ್ನೂ ಐದು ತಂಡ. ಅಲ್ಲಿ ಸಾಧ್ಯವಾದದ್ದಕ್ಕೆ ಕಾರಣ ಮೇಲಿನ ಹಂತದ ಅಗಲ: ಇಟಲಿಯ ಮೂರನೇ ಹಂತದಲ್ಲಿ ತಲಾ 20ರ ಮೂರು ಗುಂಪು, ಸ್ಪೇನ್‌ನಲ್ಲಿ ಎರಡು. ಜರ್ಮನಿಯ ಮೂರನೇ ಹಂತ ಇಡೀ ದೇಶಕ್ಕೆ 20 ತಂಡಗಳ ಒಂದೇ ಲೀಗ್. ಐದು ಕೊಳವೆಗಳ ನೀರು ಒಂದೇ ಸಣ್ಣ ಕೊಡಕ್ಕೆ ಬೀಳುತ್ತಿದೆ. ಅಭಿಮಾನಿಗಳ ಚರ್ಚೆಯೆಲ್ಲ ಪ್ಲೇಆಫ್ ಸೂತ್ರದ ಸುತ್ತಲೇ ಸುತ್ತುತ್ತದೆ. ನಿಜವಾಗಿ ನೋಡಬೇಕಾದದ್ದು ಈ ಅಗಲವನ್ನು.

ಮೊದಲ ದಾರಿ, ಮೂರನೇ ಲೀಗ್‌ನಿಂದ ಐದು ತಂಡ ಇಳಿಸುವುದು. ಕಾಗದದ ಮೇಲೆ ಎಲ್ಲಕ್ಕಿಂತ ಸರಳ. ಆದರೆ ಆ ಲೀಗ್‌ನಿಂದ ಪ್ರತಿ ವರ್ಷ ಎರಡು ತಂಡ ನೇರವಾಗಿ ಮೇಲೆ ಹೋಗುತ್ತವೆ, ಮೂರನೆಯದು ಎರಡನೇ ಬುಂಡೆಸ್‌ಲಿಗಾದ 16ನೇ ತಂಡದೊಂದಿಗೆ ಪ್ಲೇಆಫ್ ಆಡುತ್ತದೆ. ಈಗಲೇ 20ರಲ್ಲಿ ಆರೋ ಏಳೋ ತಂಡ ಬದಲಾಗುತ್ತಿವೆ. ಐದನ್ನು ಇಳಿಸಿದರೆ ಏಳೋ ಎಂಟೋ ಆಗುತ್ತದೆ, ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಹದಿನಾರನೇ ಸ್ಥಾನವೂ ಇಳಿಯುವ ಸ್ಥಾನವಾಗುತ್ತದೆ. ಮೂರನೇ ಲೀಗ್‌ನ ಕ್ಲಬ್‌ಗಳು ಇದಕ್ಕೆ ಒಪ್ಪುವುದು ಕಷ್ಟ. ತಮ್ಮದೇ ಕುತ್ತಿಗೆಗೆ ಬರುವ ನಿಯಮಕ್ಕೆ ಯಾರು ಕೈ ಎತ್ತುತ್ತಾರೆ?

ಎರಡನೆಯದು ಮೂರನೇ ಲೀಗನ್ನೇ ಎರಡು ಗುಂಪು ಮಾಡುವುದು. ರಾಷ್ಟ್ರಮಟ್ಟದ ಏಕ ಲೀಗ್ ಎಂದೇ ಟಿವಿಗೆ ಮಾರಾಟವಾಗುವ ಲೀಗ್ ಅದು. ಒಡೆದರೆ ಆ ಬೆಲೆ ಉಳಿಯುವುದಿಲ್ಲ. ಇದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ.

ಮೂರನೆಯದು ನಾಲ್ಕನೇ ಹಂತವನ್ನು ನಾಲ್ಕು ಲೀಗ್‌ಗೆ ಇಳಿಸುವುದು. 2025ರಲ್ಲಿ ಈಶಾನ್ಯದ ಕ್ಲಬ್‌ಗಳು ಶುರುಮಾಡಿದ ಸುಧಾರಣೆಯ ಅಭಿಯಾನಕ್ಕೆ ಇತರ ಪ್ರದೇಶಗಳ ಕ್ಲಬ್‌ಗಳೂ ದನಿಗೂಡಿಸಿದ ಮೇಲೆ ಚರ್ಚೆ ಮುಖ್ಯವಾಗಿ ಇಲ್ಲಿಗೇ ಬಂದು ನಿಂತಿದೆ. ಇದರಲ್ಲಿ ಎರಡು ಬಗೆ. ಒಂದರಲ್ಲಿ ಗಡಿಗಳನ್ನು ಸ್ಥಿರವಾಗಿಟ್ಟು ಉತ್ತರ, ಈಶಾನ್ಯ, ಬವೇರಿಯಾ ಮೂರನ್ನು ಸೇರಿಸಿ ಎರಡು ಲೀಗ್ ಮಾಡಲಾಗುತ್ತದೆ. ಪಶ್ಚಿಮ ಮತ್ತು ನೈರುತ್ಯ ಹೆಚ್ಚುಕಡಿಮೆ ಇದ್ದಂತೆಯೇ. ಇನ್ನೊಂದಕ್ಕೆ ದಿಕ್ಸೂಚಿ ಮಾದರಿ ಎಂದು ಹೆಸರು: ಪ್ರತಿ ಬೇಸಿಗೆಯಲ್ಲಿ ನಾಲ್ಕನೇ ಹಂತದ ಎಲ್ಲ ತಂಡಗಳ ಪಟ್ಟಿ ಹಿಡಿದು, ಒಟ್ಟು ಪ್ರಯಾಣ ಆದಷ್ಟು ಕಡಿಮೆಯಾಗುವಂತೆ ಕಂಪ್ಯೂಟರ್ ನಾಲ್ಕು ಗುಂಪು ಮಾಡುತ್ತದೆ. ಗಡಿ ವರ್ಷವರ್ಷ ಸರಿಯುತ್ತದೆ.

ಎರಡರಲ್ಲೂ ನಷ್ಟವಿದೆ. ಸ್ಥಿರ ಗಡಿಯಲ್ಲಿ ಬವೇರಿಯಾ ಸಂಘ ತನ್ನದೇ ಆದ ಲೀಗನ್ನು ಬಿಟ್ಟುಕೊಡಬೇಕು, ಅಥವಾ ಈಶಾನ್ಯದ ರಾಜ್ಯಗಳು ಒಡೆದು ಬೇರೆ ಬೇರೆ ಲೀಗ್ ಸೇರಬೇಕು. ಲೈಪ್‌ಜಿಗ್, ತ್ಸ್ವಿಕೌ, ಬರ್ಲಿನ್ ತಂಡಗಳ ನಡುವಿನ ಹಳೆಯ ಪೈಪೋಟಿಗೆ ಜನ ತುಂಬುವುದರಿಂದಲೇ ಆ ಕ್ಲಬ್‌ಗಳ ಟಿಕೆಟ್ ಆದಾಯ ನಿಂತಿದೆ. ಪ್ರಯಾಣವೂ ಚಿಕ್ಕ ವಿಷಯವಲ್ಲ: ಈಗಿನ ಈಶಾನ್ಯ ಲೀಗ್ ಬಾಲ್ಟಿಕ್ ಕರಾವಳಿಯ ಗ್ರೈಫ್ಸ್‌ವಾಲ್ಡ್‌ನಿಂದ ಸ್ಯಾಕ್ಸನಿಯ ದಕ್ಷಿಣದ ತ್ಸ್ವಿಕೌವರೆಗೆ ಹರಡಿದೆ, ಅದಕ್ಕೆ ಡೆನ್ಮಾರ್ಕ್ ಗಡಿಯ ಫ್ಲೆನ್ಸ್‌ಬುರ್ಗ್ ಸೇರಿಸಿದರೆ 2012ಕ್ಕೆ ಮುಂಚಿನ ಖರ್ಚಿನ ಕಷ್ಟವೇ ಮರಳುತ್ತದೆ. ದಿಕ್ಸೂಚಿ ಮಾದರಿಯಲ್ಲಿ ಪ್ರಯಾಣ ಉಳಿಯುತ್ತದೆ, ಆದರೆ ಗಡಿಯಂಚಿನ ಕ್ಲಬ್‌ಗೆ ಮುಂದಿನ ವರ್ಷ ತನ್ನ ಎದುರಾಳಿಗಳು ಯಾರೆಂದು ಬೇಸಿಗೆಯವರೆಗೆ ಗೊತ್ತಾಗದು, ಸೀಸನ್ ಟಿಕೆಟ್ ಮಾರುವುದೂ ಪ್ರಾಯೋಜಕರನ್ನು ಹಿಡಿಯುವುದೂ ಕಷ್ಟ. ಜತೆಗೆ ಜಾಗದ ಲೆಕ್ಕ: ತಲಾ 20ರ ನಾಲ್ಕು ಲೀಗ್ ಎಂದರೆ 80 ತಂಡ. ಈಗಿರುವ ಸುಮಾರು 90ರಲ್ಲಿ ಹತ್ತು ತಂಡಗಳು ಬದಲಾವಣೆಯ ವರ್ಷದಲ್ಲಿ ಹೆಚ್ಚುವರಿಯಾಗಿ ಇಳಿಯಬೇಕು, ಮತ್ತು ಅವುಗಳನ್ನು ಯಾವ ಲೀಗ್‌ನಿಂದ ಎಷ್ಟು ಎಂದು ಹಂಚಬೇಕು.

ಇಷ್ಟಾದರೂ ದಿಕ್ಸೂಚಿ ಮಾದರಿಯೇ ಮೇಲು ಎಂದು ನಮಗೆ ತೋರುತ್ತದೆ. ಅದರ ನಷ್ಟ ಪ್ರತಿ ವರ್ಷ ಕೆಲವೇ ಗಡಿಯಂಚಿನ ಕ್ಲಬ್‌ಗಳಿಗೆ ಸೀಮಿತ, ಮತ್ತು ಅದು ಅನಾನುಕೂಲದ ರೂಪದ್ದು. ಈಗಿನ ನಿಯಮದಲ್ಲಿ ನಷ್ಟ ಬೀಳುವುದು ಆ ವರ್ಷ ಅತ್ಯುತ್ತಮವಾಗಿ ಆಡಿದ ತಂಡದ ಮೇಲೆ. ನಿರ್ಧಾರ ಮಾತ್ರ ಮಹಾಸಭೆಯಲ್ಲಿ ಸಂಘಗಳ ಮತದಿಂದ ಆಗಬೇಕು. ಖಾತ್ರಿ ಸ್ಥಾನ ಹೊಂದಿರುವ ಪಶ್ಚಿಮ ಮತ್ತು ನೈರುತ್ಯಕ್ಕೆ ಇದರಲ್ಲಿ ಹೊಸದಾಗಿ ಸಿಗುವುದು ಏನೂ ಇಲ್ಲ, ಬವೇರಿಯಾಕ್ಕೆ ಕಳೆದುಕೊಳ್ಳುವುದೇ ಹೆಚ್ಚು. ಹಾಗಾಗಿ ಅಭಿಯಾನ ನಡೆಸುವವರು ಮೊದಲು ಮನವೊಲಿಸಬೇಕಾದದ್ದು ಈ ಮೂರು ಪ್ರದೇಶಗಳನ್ನು. ಅವರಿಗೆ ಕೊಡಬಹುದಾದ ಭರವಸೆ ಎಂದರೆ ಬದಲಾವಣೆಯ ವರ್ಷದ ಹೆಚ್ಚುವರಿ ಹಿಂಬಡ್ತಿಯನ್ನು ಒಂದೇ ಸಲ ಹೇರದೆ ಎರಡು ಮೂರು ಋತುಗಳಿಗೆ ಹಂಚುವುದು, ಮತ್ತು ಲೀಗ್ ನಡೆಸುವ ಅಧಿಕಾರದಲ್ಲಿ ಪಾಲು ಉಳಿಸಿಕೊಡುವುದು.

ಅಲ್ಲಿಯವರೆಗೆ ಸರದಿಯೇ ನಿಯಮ. 2025-26ರಲ್ಲಿ ನೇರ ಸ್ಥಾನ ಉತ್ತರದ್ದು, ಪ್ಲೇಆಫ್ ಈಶಾನ್ಯ ಮತ್ತು ಬವೇರಿಯಾ ಚಾಂಪಿಯನ್ನರ ನಡುವೆ.